ಪ್ರೋಗ್ರಾಮರ್‌ಗೆ ಮುದ್ರಿತ ಮ್ಯಾನ್ಯುಯಲ್: ಆಯ್ಕೆ, ಅಚ್ಚು, ಬಳಕೆ

ಸಿ ಭಾಷೆಯಲ್ಲಿ ಬರೆದ ಒಂದು ಪ್ರೋಗ್ರಾಮಿನಲ್ಲಿ ಅರೇಯ ಮೊದಲ ಅಂಶವನ್ನು ತೆಗೆದು, ಉಳಿದವನ್ನೆಲ್ಲ ಒಂದೊಂದು ಸ್ಥಾನ ಹಿಂದಕ್ಕೆ ಸರಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಮೆಮೊರಿಯ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ನಕಲಿಸುವ ಮೆಮ್‌ಕಾಪಿ ಎಂಬ ಫಂಕ್ಷನ್ ನಿಮಗೆ ಗೊತ್ತಿದೆ. ಅದರ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿದರೆ ಬರೆಯುವ ಕ್ರಮ ತಕ್ಷಣ ಸಿಗುತ್ತದೆ, ಕೋಡ್ ಕಂಪೈಲ್ ಆಗುತ್ತದೆ, ನಿಮ್ಮ ಯಂತ್ರದಲ್ಲಿ ಸರಿಯಾಗಿ ಓಡಲೂಬಹುದು. ಅದೇ ಫಂಕ್ಷನ್ನನ್ನು ಮುದ್ರಿತ ಮ್ಯಾನ್ಯುಯಲ್‌ನಲ್ಲಿ ತೆರೆದರೆ ಅದರ ಕೆಳಗೇ ಮೆಮ್‌ಮೂವ್ ಕಾಣಿಸುತ್ತದೆ. ನಕಲಿಸುವ ಜಾಗವೂ ನಕಲು ಬೀಳುವ ಜಾಗವೂ ಒಂದರ ಮೇಲೊಂದು ಹಾದುಹೋಗಿದ್ದರೂ ಇದು ಸರಿಯಾಗಿ ಕೆಲಸ ಮಾಡುತ್ತದೆ ಎಂಬ ಮಾತು ಜೊತೆಗಿರುತ್ತದೆ. ಮೆಮ್‌ಕಾಪಿಗೆ ಆ ಭರವಸೆ ಇಲ್ಲ; ನಿಮಗೆ ಬೇಕಾಗಿದ್ದದ್ದು ಮೆಮ್‌ಮೂವ್. ಆದರೆ ಅಂಥದೊಂದು ಇದೆಯೆಂದೇ ಗೊತ್ತಿಲ್ಲದವರು ಅದನ್ನು ಹೆಸರು ಹಿಡಿದು ಹುಡುಕುವುದು ಹೇಗೆ? ಕೇಳಿದ್ದಕ್ಕೆ ಉತ್ತರ ಕೊಡುವುದರಲ್ಲಿ ಪರದೆಯನ್ನು ಮೀರಿಸುವುದು ಕಷ್ಟ; ಕೇಳಬೇಕಾಗಿತ್ತು ಎಂದೇ ಹೊಳೆಯದ ಸಂಗತಿಯನ್ನು ಕಣ್ಣಿಗೆ ಬೀಳಿಸುವುದು ಅಚ್ಚಾದ ಪುಟ. ಈ ಒಂದು ಕಾರಣಕ್ಕಾದರೂ ಕೆಲಸದ ಮೇಜಿನ ಮೇಲೆ ಒಂದೆರಡು ಮುದ್ರಿತ ಮ್ಯಾನ್ಯುಯಲ್‌ಗಳು ಇರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಲ್ಲವನ್ನೂ ಕಾಗದಕ್ಕೆ ಇಳಿಸಬೇಕಾಗಿಲ್ಲ. ಮೊದಲು ನೋಡಬೇಕಾದದ್ದು ವಿಷಯ ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು. ಸಿ ಭಾಷೆ ಮತ್ತು ಅದರ ಲೈಬ್ರರಿ, ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್, ಆದೇಶಗಳನ್ನು ಓಡಿಸುವ ಶೆಲ್, ಪ್ರೋಗ್ರಾಂ ಕಟ್ಟುವ ಮೇಕ್, ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್, ನೀವು ಕೆಲಸ ಮಾಡುವ ಪ್ರೊಸೆಸರಿನ ಇನ್‌ಸ್ಟ್ರಕ್ಷನ್‌ಗಳು, ಇವು ವರ್ಷಗಟ್ಟಲೆ ಹೆಚ್ಚು ಕದಲುವುದಿಲ್ಲ. ಕೆಲವೇ ತಿಂಗಳಿಗೊಮ್ಮೆ ರೂಪ ಬದಲಿಸುವ ವೆಬ್ ಫ್ರೇಮ್‌ವರ್ಕ್‌ಗಳ ಪುಸ್ತಕಕ್ಕೆ ಹಣ ಹಾಕಬೇಡಿ. ಅವುಗಳಿಗೆ ಪರದೆಯೇ ಸರಿ.

ಪಾಠ ಹೇಳುವ ಪುಸ್ತಕ ಬೇರೆ, ನೋಡಿಕೊಳ್ಳಲು ಇಟ್ಟುಕೊಳ್ಳುವ ಮ್ಯಾನ್ಯುಯಲ್ ಬೇರೆ. ಮೊದಲನೆಯದು ಸುಲಭದಿಂದ ಕಠಿಣಕ್ಕೆ ಕೈಹಿಡಿದು ನಡೆಸುತ್ತದೆ ಮತ್ತು ಆ ದಾರಿಗೆ ಅಡ್ಡಬರುವ ವಿವರಗಳನ್ನು ಬಿಟ್ಟುಬಿಡುತ್ತದೆ. ಎರಡನೆಯದು ಏನನ್ನೂ ಬಿಡಬಾರದು. ಬ್ರಯನ್ ಕರ್ನಿಗನ್ ಮತ್ತು ಡೆನಿಸ್ ರಿಚಿ ಸಿ ಭಾಷೆಯ ಬಗ್ಗೆ 1978ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎರಡೂ ಇವೆ: ಅಧ್ಯಾಯಗಳು ಪಾಠ, ಕೊನೆಯ ಅನುಬಂಧದ ಭಾಗ ಮ್ಯಾನ್ಯುಯಲ್. ಕೊಳ್ಳುವುದಾದರೆ 1988ರ ಎರಡನೆಯ ಆವೃತ್ತಿಯನ್ನೇ ಕೊಳ್ಳಬೇಕು. ಸ್ಟ್ಯಾಂಡರ್ಡ್ ಲೈಬ್ರರಿಯ ಸಾರಾಂಶ ಅದರ ಎರಡನೆಯ ಅನುಬಂಧದಲ್ಲಿದೆ. ನಮ್ಮ ದೇಶದಲ್ಲಿ ಇದರ ಕಡಿಮೆ ಬೆಲೆಯ ಭಾರತೀಯ ಮುದ್ರಣವೂ ಬಂದಿತ್ತು, ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಹಳೆಯ ಪುಸ್ತಕಗಳ ಬೀದಿಯಲ್ಲಿ ಹುಡುಕಿ ನೋಡಬಹುದು. ಹಳೆಯ ಪ್ರತಿ ಕೊಳ್ಳುವಾಗ ಆವೃತ್ತಿಯ ಜೊತೆಗೆ ಕೊನೆಯ ಪುಟಗಳನ್ನು ತಪ್ಪದೆ ಪರೀಕ್ಷಿಸಿ. ಮೊದಲು ಹರಿದುಹೋಗುವುದು ವಿಷಯಸೂಚಿ, ಮತ್ತು ಅದಿಲ್ಲದ ಮ್ಯಾನ್ಯುಯಲ್ ಅರ್ಧ ಬೆಲೆಗೂ ಬೇಡ.

ಪುಸ್ತಕವಾಗಿ ಸಿಗದಿದ್ದನ್ನು ನೀವೇ ಅಚ್ಚು ಹಾಕಿಸಿಕೊಳ್ಳಬಹುದು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಅಧಿಕೃತ ಮ್ಯಾನ್ಯುಯಲ್ ಎ4 ಅಳತೆಯ ಪಿಡಿಎಫ್ ಆಗಿ ಉಚಿತವಾಗಿ ದೊರೆಯುತ್ತದೆ. ಅದು ಸಾವಿರಾರು ಪುಟಗಳ ಗ್ರಂಥವಾದ್ದರಿಂದ ಇಡಿಯಾಗಿ ಮುದ್ರಿಸುವುದು ವ್ಯರ್ಥ. ಫಂಕ್ಷನ್ ಮತ್ತು ಆಪರೇಟರ್‌ಗಳನ್ನು ವಿವರಿಸುವ 9ನೆಯ ಅಧ್ಯಾಯವನ್ನೂ, ಎಸ್‌ಕ್ಯೂಎಲ್ ಆದೇಶಗಳ ಭಾಗದಿಂದ ನೀವು ದಿನವೂ ಬಳಸುವ ಸೆಲೆಕ್ಟ್, ಇನ್ಸರ್ಟ್, ಕ್ರಿಯೇಟ್ ಟೇಬಲ್ ಮೊದಲಾದ ಪುಟಗಳನ್ನೂ ಆರಿಸಿಕೊಂಡರೆ ಸಾಕು. ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯ ಬ್ಯಾಷ್ (ಒಂದು ಶೆಲ್) ಮತ್ತು ಮೇಕ್ ಮ್ಯಾನ್ಯುಯಲ್‌ಗಳೂ ಪಿಡಿಎಫ್ ಆಗಿ ಸಿಗುತ್ತವೆ, ಮತ್ತು ಅವುಗಳ ಪರವಾನಗಿಯು ನಕಲು ತೆಗೆಯಲು ಅನುಮತಿ ಕೊಡುತ್ತದೆ. ಲಿನಕ್ಸ್‌ನಲ್ಲಿ ಮ್ಯಾನ್ಯುಯಲ್ ಪುಟಗಳನ್ನು ತೋರಿಸುವ ಮ್ಯಾನ್ ಆದೇಶಕ್ಕೆ ಸಣ್ಣಕ್ಷರದ ಟಿ ಆಯ್ಕೆ (-t) ಕೊಟ್ಟರೆ ಪುಟವು ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣ ರೂಪದಲ್ಲಿ ಹೊರಬರುತ್ತದೆ. ಅದನ್ನು ಪಿಡಿಎಫ್‌ಗೆ ಬದಲಿಸಿ ಬೇಕಾದ ಹತ್ತಿಪ್ಪತ್ತು ಪುಟಗಳನ್ನು ಒಂದೇ ಕಟ್ಟಾಗಿ ಮಾಡಿಸಬಹುದು.

ಜೆರಾಕ್ಸ್ ಅಂಗಡಿಗೆ ಹೋದಾಗ ಹಾಳೆಯ ಎರಡೂ ಬದಿಗೆ ಅಚ್ಚು, ಎಡಗಡೆ ಸಾಕಷ್ಟು ಅಂಚು, ಸ್ಪೈರಲ್ ಬೈಂಡಿಂಗ್ ಎಂದು ಮೊದಲೇ ಹೇಳಿ. ಸ್ಪೈರಲ್ ಹಾಕಿದ ಪ್ರತಿ ಮೇಜಿನ ಮೇಲೆ ಪೂರ್ತಿ ಬಿಚ್ಚಿಕೊಂಡು ಮಲಗುತ್ತದೆ, ಎರಡೂ ಕೈ ಕೀಬೋರ್ಡಿನ ಮೇಲಿರುವಾಗ ಪುಟ ಮುಚ್ಚಿಕೊಳ್ಳುವುದಿಲ್ಲ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಕಾಗದದ ಎ4 ಹಾಳೆ ಒಂದಕ್ಕೆ 5 ಗ್ರಾಂ ತೂಕ. ಎರಡೂ ಬದಿಗೆ ಮುದ್ರಿಸಿದ 400 ಪುಟಗಳಿಗೆ 200 ಹಾಳೆ, ಅಂದರೆ ಒಂದು ಕಿಲೋ. ಅದಕ್ಕಿಂತ ದಪ್ಪವಾದರೆ ಎರಡು ಭಾಗ ಮಾಡಿಸುವುದೇ ಮೇಲು. ಯಾವ ವರ್ಶನ್, ಯಾವ ವರ್ಷ ಎಂಬುದನ್ನು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.

ಮ್ಯಾನ್ಯುಯಲ್ ಕೈಗೆ ಬಂದ ಮೇಲೆ, ಅದರ ಅಗತ್ಯ ಬೀಳುವ ಮೊದಲೇ, ಒಂದು ಬಿಡುವಿನ ಹೊತ್ತಿನಲ್ಲಿ ಪರಿವಿಡಿಯಿಂದ ವಿಷಯಸೂಚಿಯವರೆಗೆ ಮಗುಚಿ ನೋಡಿ. ನೆನಪಿಟ್ಟುಕೊಳ್ಳುವ ಪ್ರಯತ್ನ ಬೇಡ. ಇಂಥದ್ದೊಂದು ಇದೆ, ಅದು ಪುಸ್ತಕದ ಸುಮಾರು ಈ ಭಾಗದಲ್ಲಿದೆ ಎಂಬ ಅಂದಾಜು ಉಳಿದರೆ ಅಷ್ಟೇ ಸಾಕು. ವಿಷಯಸೂಚಿಯ ಮೊದಲ ಪುಟಗಳನ್ನು ವಿಶೇಷವಾಗಿ ಗಮನಿಸಿ. ಕರ್ನಿಗನ್ ಮತ್ತು ರಿಚಿಯವರ ಪುಸ್ತಕದ ಸೂಚಿಯಲ್ಲಿ ಚಿಹ್ನೆಗಳೇ ಮೊದಲು ಬರುತ್ತವೆ. ಪ್ರಶ್ನಾರ್ಥಕ ಚಿಹ್ನೆ, ಬಾಣದ ಗುರುತು, ಶೇಕಡಾ ಚಿಹ್ನೆ, ಇವನ್ನು ಸಾಮಾನ್ಯ ಹುಡುಕು ಯಂತ್ರಗಳಲ್ಲಿ ಹುಡುಕುವುದು ಎಷ್ಟು ಕಷ್ಟವೆಂಬುದು ಪ್ರಯತ್ನಿಸಿದವರಿಗೆಲ್ಲ ಗೊತ್ತು.

ಇನ್ನು ಒಂದು ನಮೂದನ್ನು ಓದುವ ಕ್ರಮ. ಕೆಳಗಿನ ಉದಾಹರಣೆಗೆ ನೇರವಾಗಿ ಹಾರದೆ ಮೊದಲ ಸಾಲನ್ನು, ಅಂದರೆ ಫಂಕ್ಷನ್ನಿನ ಘೋಷಣೆಯನ್ನು, ನಿಧಾನವಾಗಿ ಓದಬೇಕು. ಗೆಟ್‌ಚಾರ್ ಒಂದು ಅಕ್ಷರವನ್ನು ಓದಿ ಕೊಡುತ್ತದೆ. ಆದರೂ ಅದು ಹಿಂತಿರುಗಿಸುವುದು ಇಂಟ್, ಅಂದರೆ ಪೂರ್ಣಾಂಕ, ಎಂದು ಆ ಸಾಲು ಹೇಳುತ್ತದೆ. ಎಲ್ಲ ಅಕ್ಷರಗಳ ಜೊತೆಗೆ ಕಡತ ಮುಗಿಯಿತೆಂಬ ಸೂಚನೆಯನ್ನೂ ಅದು ಕೊಡಬೇಕಾಗಿದೆ. ಬಂದ ಉತ್ತರವನ್ನು ಒಂದೇ ಬೈಟಿನ ಚಾರ್ ವೇರಿಯಬಲ್ಲಿನಲ್ಲಿ ಇಟ್ಟರೆ, ಚಾರ್‌ಗೆ ಋಣಸಂಖ್ಯೆ ಇಲ್ಲದ ಯಂತ್ರಗಳಲ್ಲಿ ಲೂಪ್ ಎಂದಿಗೂ ನಿಲ್ಲುವುದಿಲ್ಲ. ಋಣಸಂಖ್ಯೆ ಇರುವ ಯಂತ್ರಗಳಲ್ಲಿ 255 ಎಂಬ ಬೈಟ್ ಬಂದೊಡನೆ ಕಡತ ಮುಗಿಯದಿದ್ದರೂ ನಿಂತುಬಿಡುತ್ತದೆ. ಲಿನಕ್ಸ್ ಓಡುವ ಆರ್ಮ್ ಪ್ರೊಸೆಸರ್‌ಗಳು ಸಾಮಾನ್ಯವಾಗಿ ಮೊದಲ ಬಗೆಯವು, ನಮ್ಮ ಲ್ಯಾಪ್‌ಟಾಪ್‌ಗಳ ಎಕ್ಸ್86 ಎರಡನೆಯದು. ಆದ್ದರಿಂದ ಒಂದು ಕಡೆ ಓಡಿದ ಪ್ರೋಗ್ರಾಂ ಇನ್ನೊಂದು ಕಡೆ ಸಿಕ್ಕಿಬೀಳುತ್ತದೆ. ಘೋಷಣೆಯ ನಂತರ ಹಿಂತಿರುಗುವ ಮೌಲ್ಯ, ಸೋತಾಗ ಏನಾಗುತ್ತದೆ ಎಂಬ ವಿವರ, ಆಮೇಲೆ ‘ಇದನ್ನೂ ನೋಡಿ’ ಎಂಬ ಸೂಚನೆ, ಈ ಅನುಕ್ರಮ ರೂಢಿಯಾಗಲಿ. ಯೂನಿಕ್ಸ್ ಮ್ಯಾನ್ಯುಯಲ್‌ನ ಪುಟಗಳಲ್ಲಿ ಗೊತ್ತಿರುವ ದೋಷಗಳನ್ನು ಮುಚ್ಚಿಡದೆ ಹೇಳುವ ‘ಬಗ್ಸ್’ ಎಂಬ ಭಾಗ 1971ರ ಮೊದಲ ಆವೃತ್ತಿಯಿಂದಲೇ ಇದೆ. ತಯಾರಿಸಿದವರೇ ತಮ್ಮ ಕೆಲಸದ ಕೊರತೆಯನ್ನು ದಾಖಲಿಸುವ ಆ ಪ್ರಾಮಾಣಿಕತೆಯನ್ನು ನಾನು ಬಹಳ ಗೌರವಿಸುತ್ತೇನೆ. ಅದನ್ನು ಓದದೆ ಪುಟ ಮುಚ್ಚಬೇಡಿ.

ಕೋಷ್ಟಕಗಳಿಗೆ ಒಂದು ಬಣ್ಣದ ಚೀಟಿ ಅಂಟಿಸಿ. ಸಿ ಭಾಷೆಯ ಆಪರೇಟರ್‌ಗಳ ಆದ್ಯತೆಯ ಕೋಷ್ಟಕ ಅಂಥದ್ದು. ‘ಫ್ಲ್ಯಾಗ್ಸ್ & ಮಾಸ್ಕ್ == 0’ ಎಂದು ಬರೆದವರು ಮೊದಲು & ನಡೆಯುತ್ತದೆ ಎಂದು ಭಾವಿಸಿರುತ್ತಾರೆ; ಕೋಷ್ಟಕದಲ್ಲಿ == ಮೇಲಿನ ಸಾಲಿನಲ್ಲಿದೆ, ಹಾಗಾಗಿ ಮಾಸ್ಕ್ ಸೊನ್ನೆಯೇ ಎಂಬುದು ಮೊದಲು ಪರೀಕ್ಷೆಯಾಗುತ್ತದೆ. ಆರಂಭದ ದಿನಗಳಲ್ಲಿ && ಇರಲಿಲ್ಲ, & ಎಂಬುದೇ ಬಿಟ್‌ಗಳ ಮೇಲಿನ ಕೆಲಸವನ್ನೂ ಎರಡು ಷರತ್ತುಗಳನ್ನು ಜೋಡಿಸುವ ಕೆಲಸವನ್ನೂ ಮಾಡುತ್ತಿತ್ತು; ಆಗಲೇ ಬರೆದಿದ್ದ ಕೋಡ್ ಕೆಡದಿರಲೆಂದು ಅದರ ಸ್ಥಾನವನ್ನು ಹಾಗೇ ಉಳಿಸಿಕೊಂಡರು. ಕೋಷ್ಟಕವನ್ನು ಪೂರ್ತಿಯಾಗಿ ಒಂದೇ ನೋಟಕ್ಕೆ ಕಂಡಾಗ ಈ ಏರುಪೇರು ಎದ್ದು ಕಾಣುತ್ತದೆ, ಮತ್ತು ಆವರಣ ಚಿಹ್ನೆ ಹಾಕುವ ಅಭ್ಯಾಸ ತಾನಾಗಿ ಬರುತ್ತದೆ.

ಪೆನ್ಸಿಲ್ ಹಿಡಿಯದೆ ಮ್ಯಾನ್ಯುಯಲ್ ತೆರೆಯಬಾರದು. ಅಚ್ಚಾದದ್ದು ಹಳತಾಗುತ್ತದೆ ಎಂಬ ಆಕ್ಷೇಪ ನಿಜವೇ, ಮತ್ತು ಅದಕ್ಕೆ ಅಂಚಿನಲ್ಲಿ ಬರೆದ ಟಿಪ್ಪಣಿಯೇ ಪರಿಹಾರ. 1988ರ ಆವೃತ್ತಿಯ ಲೈಬ್ರರಿ ಪಟ್ಟಿಯಲ್ಲಿ ಗೆಟ್ಸ್ ಎಂಬ ಫಂಕ್ಷನ್ ಇದೆ. ಎಷ್ಟು ಅಕ್ಷರ ಓದಬೇಕೆಂಬ ಮಿತಿಯನ್ನು ಅದಕ್ಕೆ ಹೇಳಲು ದಾರಿಯೇ ಇಲ್ಲ. ಅದೇ ವರ್ಷದ ನವೆಂಬರಿನಲ್ಲಿ ಹರಡಿದ ಮಾರಿಸ್ ವರ್ಮ್ (ಜಾಲದಲ್ಲಿ ಯಂತ್ರದಿಂದ ಯಂತ್ರಕ್ಕೆ ತಾನೇ ಹರಡಿದ ಪ್ರೋಗ್ರಾಂ) ಬಳಸಿಕೊಂಡ ಬಿರುಕುಗಳಲ್ಲಿ ಇದೂ ಒಂದು. 2011ರ ಸಿ ಸ್ಟ್ಯಾಂಡರ್ಡ್ ಅದನ್ನು ತೆಗೆದೇಹಾಕಿತು. ಆ ನಮೂದಿನ ಮೇಲೆ ಅಡ್ಡಗೆರೆ ಎಳೆದು, ‘2011ರಲ್ಲಿ ತೆಗೆಯಲಾಗಿದೆ, ಎಫ್‌ಗೆಟ್ಸ್ ಬಳಸು’ ಎಂದು ಪಕ್ಕದಲ್ಲಿ ಬರೆಯಿರಿ. ಸ್ಟ್ರಿಂಗ್ ನಕಲಿಸುವ ಸ್ಟ್ರ್‌ಎನ್‌ಕಾಪಿಯ (strncpy) ಬಳಿಯೂ ಒಂದು ಸಾಲು ಬೇಕು: ಕೊಟ್ಟ ಅಳತೆಯೊಳಗೆ ಮೂಲದ ಸ್ಟ್ರಿಂಗ್ ಮುಗಿಯದಿದ್ದರೆ ಸ್ಟ್ರಿಂಗ್ ಮುಗಿಯಿತೆಂದು ತಿಳಿಸುವ ಕೊನೆಯ ಸೊನ್ನೆಯನ್ನು ಅದು ಹಾಕುವುದಿಲ್ಲ. ನಿಮ್ಮ ತಂಡದ ಕೋಡಿನಲ್ಲಿ ಆ ಫಂಕ್ಷನ್ ಎಲ್ಲಿ ತೊಂದರೆ ಕೊಟ್ಟಿತು ಎಂಬುದನ್ನೂ ಅಲ್ಲೇ ಗುರುತು ಹಾಕಿಡಿ. ಹೊಸಬರು ತಂಡಕ್ಕೆ ಬಂದಾಗ ಆ ಪ್ರತಿ ಅವರ ಕೈಗೂ ಸಿಗುವಂತಿರಲಿ.

ಎರರ್ ಸಂದೇಶದ ಪೂರ್ಣ ಪಾಠವನ್ನು ಹುಡುಕಲು, ಭದ್ರತೆಗೆ ಸಂಬಂಧಿಸಿದ ಹೊಸ ಎಚ್ಚರಿಕೆಗಳನ್ನು ತಿಳಿಯಲು, ನಿನ್ನೆ ಬಿಡುಗಡೆಯಾದ ವರ್ಶನ್ನಿನ ಬದಲಾವಣೆ ನೋಡಲು ಪರದೆಗೇ ಹೋಗಬೇಕು. ಪೋಸ್ಟ್‌ಗ್ರೆಸ್ ವರ್ಷಕ್ಕೊಂದು ಮುಖ್ಯ ವರ್ಶನ್ ಹೊರತರುತ್ತದೆ ಮತ್ತು ಪ್ರತಿಯೊಂದನ್ನೂ 5 ವರ್ಷ ನೋಡಿಕೊಳ್ಳುತ್ತದೆ. ಹೊಸತು ಬಂದಾಗ ಬಿಡುಗಡೆಯ ಟಿಪ್ಪಣಿಯನ್ನು ಓದಿ, ನಿಮ್ಮ ಕಟ್ಟಿನ ಯಾವ ಪುಟಗಳು ಬದಲಾಗಿವೆಯೋ ಅವನ್ನಷ್ಟೇ ಮತ್ತೆ ಮುದ್ರಿಸಿ ಸೇರಿಸಿ. ತೆಗೆದ ಹಾಳೆಗಳನ್ನು ರದ್ದಿಗೆ ಹಾಕುವ ಮುನ್ನ, ಆ ಹಳೆಯ ವರ್ಶನ್ ನಿಮ್ಮ ಯಾವುದಾದರೂ ಸರ್ವರ್‌ನಲ್ಲಿ ಇನ್ನೂ ಓಡುತ್ತಿದೆಯೇ ಎಂದು ವಿಚಾರಿಸಿ.