ನೋಟಿಸ್ ಬಂದ ಲಕೋಟೆ ಬಿಸಾಡಬೇಡಿ

ದಾವಣಗೆರೆ ಕೋರ್ಟಿನ ಹತ್ತಿರ ಟೈಪಿಂಗ್ ಮಾಡುತ್ತಾ ಇಪ್ಪತ್ತೆರಡು ವರ್ಷ ಆಯ್ತು. ಮೊನ್ನೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬಾಕೆ ಬಂದರು. ಕಿರಿಮಗ ಹೊಡೆದಾಟದ ಕೇಸಿನಲ್ಲಿ ಒಳಗಿದ್ದಾನೆ. ಅದರ ಬೆನ್ನಿಗೇ ‘ಅನಧಿಕೃತ ಕಟ್ಟಡ, ತೆರವು ಮಾಡಿ’ ಅಂತ ನೋಟಿಸು. "ಅಣ್ಣಾರ, ಮಗ ತಪ್ಪು ಮಾಡಿದ್ರ ಅವನಿಗೆ ಶಿಕ್ಷೆ ಕೊಡ್ಲಿ, ಗ್ವಾಡಿ ಏನ್ ಮಾಡೇತಿ?" ಅಂದರು.

ಸುಪ್ರೀಂ ಕೋರ್ಟ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿದೆ. 2024ರ ನವೆಂಬರ್ 13ರಂದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಕೊಟ್ಟ ತೀರ್ಪು ಅದು. ಆರೋಪಿ ಅನ್ನೋ ಕಾರಣಕ್ಕೆ ಮನೆ ಕೆಡವುವಂತಿಲ್ಲ, ಮೊದಲು ಕನಿಷ್ಠ 15 ದಿನದ ನೋಟಿಸ್ ಕೊಡಲೇಬೇಕು.

ಈ 15 ದಿನ ಎಲ್ಲಿಂದ ಶುರು ಅನ್ನೋದೇ ಮುಖ್ಯ. ನೋಟಿಸಿನ ಮೇಲೆ ಬರೆದ ತಾರೀಕಿನಿಂದಲ್ಲ, ನಿಮ್ಮ ಕೈಗೆ ಬಂದ ದಿನದಿಂದ. ಆಕೆಯ ನೋಟಿಸಿನಲ್ಲಿ 3ನೇ ತಾರೀಕು ಇತ್ತು, ಅಂಚೆಯವರು ತಂದು ಕೊಟ್ಟಿದ್ದು 16ಕ್ಕೆ. "ಲಕೋಟೆ ಎಲ್ಲಿ ಅಕ್ಕಾ?" ಅಂದೆ. ಸೊಸೆ ಅದರಲ್ಲಿ ಖಾರದಪುಡಿ ಕಟ್ಟಿಟ್ಟಿದ್ದಾಳಂತೆ! ಓಡಿಹೋಗಿ ತಂದರು. ಬಾರ್‌ಕೋಡ್ ನಂಬರ್ ಚೆನ್ನಾಗಿಯೇ ಕಾಣುತ್ತಿತ್ತು. ಆ ನಂಬರ್ ಹಾಕಿದರೆ ಅಂಚೆ ಇಲಾಖೆಯ ಟ್ರ್ಯಾಕಿಂಗ್‌ನಲ್ಲಿ ಯಾವತ್ತು ತಲುಪಿತು ಅಂತ ಬರುತ್ತೆ, ಅದರ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಗೋಡೆಗೆ ಅಂಟಿಸಿದ್ದರೆ ಕೀಳುವ ಮೊದಲು ಫೋಟೋ ತೆಗೆಯಿರಿ. ಹಳೇ ತಾರೀಕು ಹಾಕಿ ನೋಟಿಸ್ ಕೊಡಬಾರದು ಅಂತಲೇ, ನೋಟಿಸ್ ಕೊಟ್ಟ ಕೂಡಲೇ ಅಧಿಕಾರಿಗಳು ಜಿಲ್ಲಾಧಿಕಾರಿ ಕಚೇರಿಗೂ ಇಮೇಲ್ ಕಳಿಸಬೇಕೆಂದು ಕೋರ್ಟ್ ಹೇಳಿದೆ.

ಆಮೇಲೆ ನೋಟಿಸನ್ನು ನಿಧಾನಕ್ಕೆ ಓದಿ. ಅನಧಿಕೃತ ಕಟ್ಟಡ ಎಂಥದ್ದು, ಯಾವ ನಿಯಮ ಮುರಿದಿದೆ, ಯಾವ ದಾಖಲೆ ಕೊಡಬೇಕು, ವಿಚಾರಣೆ ಯಾವತ್ತು, ಯಾರ ಮುಂದೆ: ಇಷ್ಟೂ ಅದರಲ್ಲಿರಬೇಕು. ಯಾವುದು ಇಲ್ಲವೋ ಅದೇ ನಿಮ್ಮ ಆಕ್ಷೇಪಣೆಯ ಮೊದಲ ಪ್ಯಾರಾ.

ಆಕ್ಷೇಪಣೆಯಲ್ಲಿ ಮಗನ ಕೇಸಿನ ಪುರಾಣ ಬೇಡ, ಅದಕ್ಕೆ ಬೇರೆ ಕೋರ್ಟಿದೆ. ಎಫ್‌ಐಆರ್ ತಾರೀಕು, ನೋಟಿಸ್ ತಾರೀಕು ಒಂದೇ ಸಾಲಿನಲ್ಲಿ ಬರೆದರೆ ಸಾಕು, ಓದುವವರಿಗೆ ಅರ್ಥ ಆಗುತ್ತೆ. ಖಾತೆ, ಕಂದಾಯದ ರಸೀದಿ, ಹಕ್ಕುಪತ್ರ ಇದ್ದರೆ ಹಕ್ಕುಪತ್ರ, ಪ್ಲ್ಯಾನ್ ಲಗತ್ತಿಸಿ. ಬೆಸ್ಕಾಂ ಬಿಲ್ ನೀವು ಅಲ್ಲಿ ವಾಸ ಇದ್ದೀರಿ ಅಂತ ತೋರಿಸುತ್ತೆ, ಕಟ್ಟಡಕ್ಕೆ ಪರವಾನಗಿ ಇದೆ ಅಂತ ಅಲ್ಲ. ನೋಟಿಸ್ ಕೊಟ್ಟ ಕಚೇರಿಗೆ ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಂಡೇ ಬನ್ನಿ. ‘ನಾಳೆ ಬನ್ನಿ’ ಅಂದರೆ ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ.

ಕೊನೇ ಆದೇಶ ನಿಮ್ಮ ವಿರುದ್ಧ ಬಂದರೂ ಮತ್ತೆ 15 ದಿನ ಕೆಡವುವಂತಿಲ್ಲ. ಮೇಲ್ಮನವಿಗೆ ಓಡಾಡೋದು ಆಗಲೇ. ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಪುಕ್ಕಟೆ. ಅದಕ್ಕೇ ಮನೆ ಯಾರ ಹೆಸರಿನಲ್ಲಿದೆ ಅಂತ ನಾನು ಮೊದಲೇ ಕೇಳೋದು.

ಒಂದು ಮಾತು ಮುಚ್ಚಿಡಲಾರೆ. ರಸ್ತೆ, ಫುಟ್‌ಪಾತ್, ಕೆರೆ, ರೈಲ್ವೆ ಹಳಿ ಪಕ್ಕದ ಒತ್ತುವರಿಗೆ ಈ ತೀರ್ಪಿನ ರಕ್ಷಣೆ ಇಲ್ಲ. ಕೋರ್ಟೇ ಕೆಡವಲು ಹೇಳಿದ್ದರೂ ಇಲ್ಲ.

ಆ ಲಕೋಟೆ ಈಗ ವಕೀಲರ ಫೈಲಿನಲ್ಲಿದೆ. ಫೈಲ್ ಬಿಚ್ಚಿದಾಗಲೆಲ್ಲ ಗುಮಾಸ್ತ ಸೀನುತ್ತಾನೆ.