ರೊಟ್ಟಿ ಒಂದು, ಪಲ್ಯ ಎರಡು

ಕೊಪ್ಪಳ, ಗಂಗಾವತಿ ಕಡೆ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ-ಸಕ್ಕರೆ) ಕಡಿಮೆ ಮಾಡಬೇಕೆಂದವರು ಮೊದಲು ಮಾಡುವುದು ಅನ್ನ ಬಿಟ್ಟು ಜೋಳದ ರೊಟ್ಟಿ ಹಿಡಿಯುವುದು. ನಾನು ಶುರು ಮಾಡಿದ್ದೂ ಅಲ್ಲಿಂದಲೇ. ತಕ್ಕಡಿ ತಂದ ಮೇಲೆ ಲೆಕ್ಕ ಬೇರೆಯೇ ಆಯಿತು. 50 ಗ್ರಾಂ ಸೋನಾ ಮಸೂರಿ ಅಕ್ಕಿಯಲ್ಲಿ ಸುಮಾರು 39 ಗ್ರಾಂ ಕಾರ್ಬ್, ಅಷ್ಟೇ ತೂಕದ ಜೋಳದ ಹಿಟ್ಟಿನಲ್ಲಿ ಸುಮಾರು 34. ನಾರು, ಪ್ರೋಟೀನು ಜೋಳದಲ್ಲಿ ಹೆಚ್ಚು, ನಿಜ. ಆದರೆ ಮೂರು ರೊಟ್ಟಿ ಉಂಡರೆ ಅದರಲ್ಲೇ ನೂರು ಗ್ರಾಂ ಕಾರ್ಬ್ ಮುಗಿಯಿತು. ಮಧ್ಯಾಹ್ನ ಕಣ್ಣೆಳೆಯುವುದು ರೊಟ್ಟಿ ತಿಂದರೂ ತಪ್ಪಲಿಲ್ಲ ಅನ್ನುವವರ ತಟ್ಟೆ ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ.

ಅಳೆಯುವಾಗ ರೊಟ್ಟಿಯನ್ನು ತೂಗಬೇಡಿ, ಹಿಟ್ಟನ್ನು ತೂಗಿ. ಬಿಸಿರೊಟ್ಟಿಯಲ್ಲಿ ನೀರಿನ ತೂಕ ಇರುತ್ತದೆ, ಕಟಕ್ ರೊಟ್ಟಿಯಲ್ಲಿ ಅದು ಆರಿ ಹೋಗಿರುತ್ತದೆ. ಕಟಕ್ ರೊಟ್ಟಿ ಕೈಗೆ ಹಗುರ, ಮಾತಾಡುತ್ತ ಕೂತರೆ ನಾಲ್ಕು ಮುರಿದದ್ದೇ ಗೊತ್ತಾಗುವುದಿಲ್ಲ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಎಂದು ಒಮ್ಮೆ ಕೈಗೆ ರೂಢಿಯಾದರೆ ಆಮೇಲೆ ತಕ್ಕಡಿ ಬೇಕಿಲ್ಲ.

ನನ್ನ ಈಗಿನ ಗುರಿ ದಿನಕ್ಕೆ 110 ಗ್ರಾಂ ಕಾರ್ಬ್ ಆಸುಪಾಸು. 130ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕಡಿಮೆ ಕಾರ್ಬ್ ಊಟ ಎನ್ನುತ್ತಾರೆ. ಕಾರ್ಬ್ ಬಹುತೇಕ ಬಿಟ್ಟೇಬಿಡುವ ಕೀಟೋ ಪದ್ಧತಿಯಷ್ಟು ಕೆಳಗಿಳಿಯಲು ಈ ಸೀಮೆಯ ಅಡುಗೆಮನೆಯಲ್ಲಿ ಹೆಣಗಾಡಬೇಕು, ಅದು ಬೇಕಾಗಿಯೂ ಇಲ್ಲ. ಮಧ್ಯಾಹ್ನದ ತಟ್ಟೆ ಹೀಗೆ: ಒಂದು ರೊಟ್ಟಿ, ಒಂದು ಬಟ್ಟಲು ಸೊಪ್ಪಿನ ಪಲ್ಯ, ಅರ್ಧ ಬಟ್ಟಲು ಕಾಳಿನ ಪಲ್ಯ ಅಥವಾ ಎರಡು ತತ್ತಿ, ಒಂದು ಬಟ್ಟಲು ಮೊಸರು, ಜೊತೆಗೆ ಸೌತೆಕಾಯಿ, ಹಸಿ ಉಳ್ಳಾಗಡ್ಡಿ. ಮೊದಲು ಪಲ್ಯ, ಕಾಳು, ರೊಟ್ಟಿ ಕೊನೆಗೆ. ಈ ಕ್ರಮದಲ್ಲಿ ಉಂಡರೆ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ರೊಟ್ಟಿ ಮುರಿದು ಪಲ್ಯ ಎತ್ತುವ ಕೈಗೆ ಇದು ಒಗ್ಗಲು ವಾರ ಬೇಕು.

ಪುಂಡಿಪಲ್ಯದಲ್ಲಿ ಒಂದು ಕಳ್ಳದಾರಿ ಇದೆ: ನುಚ್ಚು. ಹುಳಿ ತಗ್ಗಲೆಂದು, ಗಟ್ಟಿಯಾಗಲೆಂದು ಹಾಕುವ ಜೋಳದ ನುಚ್ಚೋ ಅಕ್ಕಿ ನುಚ್ಚೋ ಸೊಪ್ಪಿನ ಪಲ್ಯವನ್ನು ಅರ್ಧ ಅಂಬಲಿ ಮಾಡಿಬಿಡುತ್ತದೆ. ನಾನು ನುಚ್ಚಿನ ಬದಲು ಶೇಂಗಾ ಪುಡಿ ಹಾಕುತ್ತೇನೆ. ಇಬ್ಬರಿಗೆ 250 ಗ್ರಾಂ ಬಿಡಿಸಿದ ಪುಂಡಿ ಸೊಪ್ಪು, 50 ಗ್ರಾಂ ತೊಗರಿಬ್ಯಾಳಿ, ನಾಲ್ಕೈದು ಹಸಿಮೆಣಸಿನಕಾಯಿ. ಬ್ಯಾಳಿ ಬೇರೆ ಬೇಯಿಸಬೇಕು; ಹುಳಿ ಸೊಪ್ಪಿನ ಜೊತೆ ಹಾಕಿದರೆ ಎಷ್ಟು ಹೊತ್ತಾದರೂ ಗಟ್ಟಿಯೇ ಉಳಿಯುತ್ತದೆ. ಸೊಪ್ಪು ಬೆಂದ ಮೇಲೆ ಹುಳಿ ಜಾಸ್ತಿ ಅನಿಸಿದರೆ ನೀರು ಸ್ವಲ್ಪ ಬಸಿಯಿರಿ, ಎಲ್ಲ ಚೆಲ್ಲಬೇಡಿ. ಬ್ಯಾಳಿ ಸೇರಿಸಿ ಮಸೆದು, ಹುರಿದ ಶೇಂಗಾ ಪುಡಿ ಎರಡು ದೊಡ್ಡ ಚಮಚ ಕಲಸಿ. ಹತ್ತು ಎಸಳು ಬೆಳ್ಳುಳ್ಳಿ ಜಜ್ಜಿ, ಎರಡು ಚಮಚ ಎಣ್ಣೆಯಲ್ಲಿ ಕೆಂಪಗಾಗುವಂತೆ ಒಗ್ಗರಣೆ. ಎಣ್ಣೆಗೆ ಹೆದರಬೇಡಿ, ರೊಟ್ಟಿ ಕಡಿಮೆ ಮಾಡಿ ಎಣ್ಣೆಯನ್ನೂ ಕಡಿಮೆ ಮಾಡಿದರೆ ನಾಲ್ಕು ಗಂಟೆಗೆ ಹೊಟ್ಟೆ ಚುರುಗುಟ್ಟಿ ಕಾಲು ತಾನಾಗಿ ಮಿರ್ಚಿ ಬಂಡಿ ಕಡೆ ನಡೆಯುತ್ತದೆ. ಈ ಪದ್ಧತಿ ಕೆಡುವುದು ಹೆಚ್ಚಾಗಿ ಇಲ್ಲೇ: ತೆಗೆದದ್ದರ ಜಾಗಕ್ಕೆ ಏನನ್ನೂ ಇಡದೆ ಇರುವುದು.

ಕಡಲೆಹಿಟ್ಟಿನ ಝುಣಕ ಮಾಡಿದ ದಿನ ರೊಟ್ಟಿ ಅರ್ಧ. 50 ಗ್ರಾಂ ಕಡಲೆಹಿಟ್ಟಿನಲ್ಲಿ 11 ಗ್ರಾಂ ಪ್ರೋಟೀನ್ ಇದ್ದರೂ ಕಾರ್ಬ್ 25 ಗ್ರಾಂ ದಾಟುತ್ತದೆ.

ಅಗಸಿ ಹಿಂಡಿಯನ್ನು (ಅಗಸೆ ಬೀಜದ ಚಟ್ನಿಪುಡಿ) ಮಾತ್ರ ದಿನಾ ಇಟ್ಟುಕೊಳ್ಳುವುದು ಒಳ್ಳೆಯದು. ಅದರ ಕಾರ್ಬ್ ಬಹುಪಾಲು ನಾರೇ. 100 ಗ್ರಾಂ ಅಗಸಿಯನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ತರಿಯಾಗಿ ಕುಟ್ಟಬೇಕು. ಬಿಸಿ ಇರುವಾಗಲೇ ಮಿಕ್ಸರಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಕುಟ್ಟಿದ ಅಗಸಿ ಗಾಳಿಗೆ ಬೇಗ ಕಮಟಾಗುತ್ತದೆ, ಅದರಲ್ಲೂ ರಾಯಚೂರಿನ ಬ್ಯಾಸಿಗೆಯಲ್ಲಿ; ವಾರಕ್ಕಾಗುವಷ್ಟೇ ಮಾಡಿ ಫ್ರಿಜ್‌ನಲ್ಲಿಡಿ. ದಿನಕ್ಕೆ ಒಂದು ಚಮಚದಿಂದ ಶುರು ಮಾಡಿ, ನೀರು ಹೆಚ್ಚು ಕುಡಿಯಿರಿ. ಇಲ್ಲದಿದ್ದರೆ ಇಷ್ಟು ನಾರು ಹೊಟ್ಟೆ ಕಟ್ಟಿಸುತ್ತದೆ.

ಬೆಳಗಿನ ಒಗ್ಗರಣಿ-ಮಿರ್ಚಿಯನ್ನು (ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ) ಬಿಡಲು ಹೇಳಿದರೆ ಬಳ್ಳಾರಿ, ಕೊಪ್ಪಳದವರಿಗೆ ಸಿಟ್ಟು ಬರುತ್ತದೆ, ಗೊತ್ತು. ಆದರೆ 50 ಗ್ರಾಂ ಒಣ ಮಂಡಾಳಿನಲ್ಲಿ, ಅಂದರೆ ಮಂಡಕ್ಕಿಯಲ್ಲಿ, ಕಾರ್ಬ್ ನಲವತ್ತು ಗ್ರಾಂ ಆಸುಪಾಸು, ಪ್ರೋಟೀನ್ ನಾಲ್ಕು ಗ್ರಾಂ ಕೂಡ ಇಲ್ಲ. ಬೇಗ ಏರಿ ಬೇಗ ಇಳಿಯುವ ತಿಂಡಿ ಅದು. ಹನ್ನೊಂದಕ್ಕೆ ಮತ್ತೆ ಚಹಾ ಬೇಕಾಗುತ್ತದೆ. ಭಾನುವಾರಕ್ಕೆ ಇರಲಿ. ಉಳಿದ ದಿನ ಎರಡು ತತ್ತಿ, ಅರ್ಧ ರೊಟ್ಟಿ, ಮೆಂತ್ಯೆ ಪಲ್ಯ. ತತ್ತಿ ತಿನ್ನದವರು ಮೊಳಕೆ ಬಂದ ಮಡಕಿ ಕಾಳು, ಪನೀರು. ಸಂಜೆ ಒಂದು ಹಿಡಿ ಹುರಿದ ಶೇಂಗಾ, ಅಂದರೆ 25 ಗ್ರಾಂ. ಬೊಗಸೆ ಅಲ್ಲ. ರಾತ್ರಿ ನುಗ್ಗೆಸೊಪ್ಪಿನ ಬ್ಯಾಳಿ ಅಥವಾ ಕೋಳಿ ಸಾರು ಒಂದೂವರೆ ಬಟ್ಟಲು, ಅನ್ನವಿಲ್ಲದೆ.

ಚಹಾದ ಲೆಕ್ಕ ಯಾರೂ ಇಡುವುದಿಲ್ಲ. ಕಪ್ಪಿಗೆ ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ನಾಲ್ಕು ಕಪ್ಪಾದರೆ, ಬಿಟ್ಟ ರೊಟ್ಟಿ ಹಾಗೇ ವಾಪಸು ಬಂತು. ಬೆಲ್ಲ ಹಾಕಿದರೂ ಲೆಕ್ಕ ಬದಲಾಗದು.

ಮೊದಲ ವಾರದ ತಲೆನೋವು, ಸುಸ್ತು ಬಹುತೇಕ ಉಪ್ಪಿನ ಕೊರತೆಯದು. ಕಾರ್ಬ್ ಇಳಿದಾಗ ಇನ್ಸುಲಿನ್ ಇಳಿಯುತ್ತದೆ, ಮೂತ್ರಪಿಂಡ ಸೋಡಿಯಂ ಮತ್ತು ನೀರನ್ನು ಹೆಚ್ಚು ಹೊರಹಾಕುತ್ತದೆ. ಮೇಲೆ ಏಪ್ರಿಲ್-ಮೇ ತಿಂಗಳ ಬೆವರು. ಮಜ್ಜಿಗೆಗೆ ಕಾಲು ಚಮಚ ಉಪ್ಪು, ಜೀರಿಗೆ ಹಾಕಿ ಹಗಲು ಎರಡು ಲೋಟ ಕುಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಿಪಿ, ಕಿಡ್ನಿ ತೊಂದರೆ ಇದ್ದವರಿಗೆ ಈ ಮಾತು ಅನ್ವಯಿಸದು, ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರು ರೊಟ್ಟಿ ಇಳಿಸುವ ಮೊದಲೇ ಡೋಸ್ ಬಗ್ಗೆ ಮಾತಾಡಬೇಕು. ಔಷಧಿ ಹಳೆಯ ಊಟಕ್ಕೆ ತಕ್ಕಷ್ಟೇ ಇದ್ದು ಊಟ ಅರ್ಧವಾದರೆ ಸಕ್ಕರೆ ಅಪಾಯಕ್ಕೆ ಇಳಿಯಬಹುದು.

ಖಾನಾವಳಿಯಲ್ಲಿ ಕೂತಾಗ ಅನ್ನ ಬಡಿಸುವ ಮೊದಲೇ ಬೇಡ ಎಂದುಬಿಡಿ. ತಟ್ಟೆಗೆ ಬಿದ್ದ ಅನ್ನ ಚೆಲ್ಲಲು ನಮಗೆ ಮನಸ್ಸು ಬಾರದು. ಅದರ ಬದಲು ಕಾಳಿನ ಪಲ್ಯ, ಮೊಸರು ಇನ್ನೊಮ್ಮೆ ಕೇಳಿ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹೋದ ದಿನ ಮಾತ್ರ ಈ ಲೆಕ್ಕವೆಲ್ಲ ಮನೆಯಲ್ಲೇ ಬಿಟ್ಟು ಹೋಗುತ್ತೇನೆ.