ನಿಯಮ ಒಂದನ್ನು ಬದಲಿಸಿ, ಆಮೇಲೆ ಹೂಂಗುಟ್ಟುತ್ತಾ ಹೋಗಿ

ನಾನು ಶಿರಸಿ ಕಡೆಯ ಪಿಯು ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ವರ್ಷಕ್ಕೆ ಒಂದೆರಡು ಸಲ ಪಠ್ಯಪುಸ್ತಕ ಮುಚ್ಚಿಟ್ಟು ಮಕ್ಕಳಿಗೆ ಕೇಳುತ್ತೇನೆ: ಗುರುತ್ವಾಕರ್ಷಣೆ ಈಗಿನದರ ಎರಡು ಪಟ್ಟು ಆದರೆ ಏನಾಗುತ್ತದೆ? "ನಾವು ಭಾರ ಆಗುತ್ತೇವೆ ಮೇಡಂ" ಅನ್ನುತ್ತಾರೆ. ಸರಿ. ಆದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನ್ನ ಅಜ್ಜಿ ಕಥೆ ಹೇಳುವಾಗ ನಾವು "ಹೂಂ" ಅನ್ನದಿದ್ದರೆ ಮುಂದೆ ಹೋಗುತ್ತಲೇ ಇರಲಿಲ್ಲ. ಪ್ರಕೃತಿಯ ನಿಯಮ ಒಂದನ್ನು ಬದಲಿಸಿ ಏನೇನಾಗುತ್ತದೆ ಅಂತ ಲೆಕ್ಕ ಹಾಕುವ ಈ ಕೆಲಸಕ್ಕೂ ಅದೇ ಅಭ್ಯಾಸ ಬೇಕು. ಹೂಂ, ಆಮೇಲೆ?

ಒಂದು ನೋಟ್‌ಬುಕ್, ಪೆನ್ನು, ಫೋನಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು, ಒಂದನ್ನೇ ಬದಲಿಸಿ. ಏನನ್ನು ಬದಲಿಸಿದಿರಿ, ಏನನ್ನು ಮುಟ್ಟಲಿಲ್ಲ ಅಂತ ಮೊದಲ ಪುಟದಲ್ಲೇ ಬರೆಯಿರಿ. ನಮ್ಮ ಪುಟ ಹೀಗಿರಲಿ: ಇವತ್ತು ಬೆಳಿಗ್ಗೆ 6 ಗಂಟೆಗೆ ಗುರುತ್ವದ ಸ್ಥಿರಾಂಕ, ಅಂದರೆ ವಸ್ತುಗಳು ಒಂದನ್ನೊಂದು ಎಷ್ಟು ಬಲವಾಗಿ ಎಳೆಯುತ್ತವೆ ಅನ್ನುವುದನ್ನು ಹೇಳುವ ಅಂಕಿ, ಎರಡು ಪಟ್ಟಾಯಿತು. ವಿದ್ಯುತ್ ಬಲ, ಪರಮಾಣುಗಳು, ಭೂಮಿಯ ಮತ್ತು ಸೂರ್ಯನ ದ್ರವ್ಯರಾಶಿ, ಭೂಮಿ ಓಡುತ್ತಿದ್ದ ವೇಗ ಎಲ್ಲ ಇದ್ದ ಹಾಗೇ ಇವೆ. "ಇವತ್ತು ಬೆಳಿಗ್ಗೆ" ಅನ್ನುವುದು ಮುಖ್ಯ. ಜಗತ್ತು ಶುರುವಾದಾಗಿನಿಂದಲೇ ಎರಡು ಪಟ್ಟು ಇತ್ತು ಅಂದರೆ ಅದು ಪೂರ್ತಿ ಬೇರೆ ಕಥೆ. ಎರಡನ್ನೂ ಕಲಸಬೇಡಿ.

ಆಮೇಲೆ, ಈ ಬದಲಾವಣೆ ಯಾರಿಗೆ ಗೊತ್ತಾಗುತ್ತದೆ ಅಂತ ಕೇಳಿ. ಶಿರಸಿಯ ಸಂತೆಗೆ ಹೋಗಿ. ತಕ್ಕಡಿಯ ಒಂದು ಕಡೆ ತೂಕದ ಕಲ್ಲು, ಇನ್ನೊಂದು ಕಡೆ ಬೆಲ್ಲ. ಎರಡೂ ಅಷ್ಟಷ್ಟೇ ಭಾರವಾದವು, ಹಾಗಾಗಿ ತಕ್ಕಡಿಗೆ ಏನೂ ಗೊತ್ತಾಗುವುದಿಲ್ಲ. ಪಕ್ಕದ ಅಂಗಡಿಯ ಸ್ಪ್ರಿಂಗ್ ತಕ್ಕಡಿ ಅದೇ 1 ಕಿಲೋ ಬೆಲ್ಲಕ್ಕೆ 2 ಕಿಲೋ ತೋರಿಸುತ್ತದೆ. ಮನೆಯ ಹಳೇ ಲೋಲಕದ ಗಡಿಯಾರ ಒಂದು ಗಂಟೆಯಲ್ಲಿ ಸುಮಾರು 85 ನಿಮಿಷ ಓಡಿಬಿಡುತ್ತದೆ. ಕೈಯಲ್ಲಿರುವ ಬ್ಯಾಟರಿ ವಾಚು ಸರಿಯಾಗಿಯೇ ಇರುತ್ತದೆ. ಬದಲಾವಣೆಯನ್ನು ಹಿಡಿದುಕೊಡುವುದು ಈ ಹೋಲಿಕೆಯೇ. ಎಲ್ಲ ಉಪಕರಣಗಳೂ ಒಟ್ಟಿಗೆ, ಒಂದೇ ಪ್ರಮಾಣದಲ್ಲಿ ಬದಲಾದರೆ ಏನೂ ಬದಲಾಗಿಲ್ಲ ಅಂತಲೇ ಲೆಕ್ಕ.

ಈಗ ಅಂಕಿ ಹಾಕಿ. ತೋಟದಲ್ಲಿ 10 ಮೀಟರ್ ಎತ್ತರದಿಂದ ಅಡಿಕೆ ಕೊನೆ ಕೈತಪ್ಪಿ ಬಿದ್ದರೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಎರಡು ಪಟ್ಟು ಗುರುತ್ವದಲ್ಲಿ ಅದು 100 ಆಗುವುದಿಲ್ಲ, 71 ಆಗುತ್ತದೆ. ವೇಗದ ಲೆಕ್ಕದಲ್ಲಿ ಗುರುತ್ವದ ವರ್ಗಮೂಲ ಬರುತ್ತದಲ್ವಾ. ಅಂದಾಜಿಗೆ ಬಿಟ್ಟರೆ ಇಂಥಲ್ಲೇ ತಪ್ಪುತ್ತೇವೆ.

ನಾನೂ ಒಮ್ಮೆ ತಪ್ಪಿದೆ. ಮರ, ಕೊಡಪಾನ, ಮೊಣಕಾಲು ಎಲ್ಲ ಲೆಕ್ಕ ಮಾಡಿಸಿ ಮುಗಿಸಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಮೇಡಂ, ಗಾಳಿಯೂ ಭಾರ ಆಗುತ್ತಲ್ವಾ?" ಅಂದ. ಆ ಒಂದು ಮಾತು ಪೂರ್ತಿ ಹೊಸ ದಾರಿ ತೆರೆಯಿತು. ನಮ್ಮ ಮೇಲಿರುವ ಗಾಳಿ ಅಷ್ಟೇ ಇದೆ, ತೂಕ ಮಾತ್ರ ಎರಡು ಪಟ್ಟು. ಹಾಗಾಗಿ ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡವೂ ಎರಡು ಪಟ್ಟು. ಹೂಂ, ಆಮೇಲೆ? ಒತ್ತಡ ಜಾಸ್ತಿಯಾದರೆ ನೀರು ತಡವಾಗಿ ಕುದಿಯುತ್ತದೆ. ಕಾರವಾರದ ಅಡುಗೆಮನೆಯಲ್ಲಿ 100 ಡಿಗ್ರಿಗೆ ಕುದಿಯುತ್ತಿದ್ದ ನೀರು ಈಗ ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಕುಕ್ಕರಿನ ಒಳಗೆ ಇವತ್ತು ಇರುವುದೂ ಹತ್ತಿರ ಹತ್ತಿರ ಇಷ್ಟೇ ಬಿಸಿ. ಅಂದರೆ ತೆರೆದ ಪಾತ್ರೆಯಲ್ಲೇ ಕುಕ್ಕರಿನಷ್ಟು ಬೇಗ ಬೇಳೆ ಬೇಯುತ್ತದೆ! ಹಾಗಾದರೆ ಕುಕ್ಕರಿನ ಕಥೆ? ಅದರ ವಿಷಲ್ಲೂ ಎರಡು ಪಟ್ಟು ಭಾರ. ಹೊರಗಿನ ಒತ್ತಡವೂ ಎರಡು ಪಟ್ಟು. ಒಳಗೆ ಇವತ್ತಿನ ಗಾಳಿಯ ನಾಲ್ಕು ಪಟ್ಟು ಒತ್ತಡ ಬಂದ ಮೇಲೆಯೇ ಅದು ಕೂಗುವುದು, ಸುಮಾರು 144 ಡಿಗ್ರಿಯಲ್ಲಿ. ಈ ಲೆಕ್ಕ ಬಂದ ದಿನ ತರಗತಿಯಲ್ಲಿ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಅಡುಗೆಮನೆ ಮುಗಿದ ಮೇಲೆ ತಲೆಯೆತ್ತಿ ನೋಡಿ. ಸೂರ್ಯ ಭೂಮಿಯನ್ನು ಎಳೆಯುವುದೂ ಎರಡು ಪಟ್ಟಾಗಿದೆ. ಭೂಮಿಯ ವೇಗ ಮಾತ್ರ ಹಳೆಯದೇ, ಸೆಕೆಂಡಿಗೆ 30 ಕಿಲೋಮೀಟರ್. ಆ ವೇಗಕ್ಕೆ ಹಳೇ ದುಂಡು ಕಕ್ಷೆಯಲ್ಲಿ ಉಳಿಯಲು ಆಗುವುದಿಲ್ಲ. ಭೂಮಿ ಒಳಕ್ಕೆ ಜಾರುತ್ತದೆ. ಶಕ್ತಿಯ ಲೆಕ್ಕ ಹಾಕಿದರೆ ಉದ್ದನೆಯ ಮೊಟ್ಟೆಯಾಕಾರದ ಕಕ್ಷೆ ಸಿಗುತ್ತದೆ. ದೂರದ ತುದಿ ಈಗಿನ 15 ಕೋಟಿ ಕಿಲೋಮೀಟರಿನಲ್ಲೇ, ಹತ್ತಿರದ ತುದಿ 5 ಕೋಟಿಯಲ್ಲಿ. ಅದು ಸೂರ್ಯನಿಂದ ಬುಧ ಗ್ರಹಕ್ಕಿರುವ ಸರಾಸರಿ ದೂರಕ್ಕಿಂತಲೂ ಕಡಿಮೆ. ಅಲ್ಲಿ ಬಿಸಿಲು ಈಗಿನ ಒಂಬತ್ತು ಪಟ್ಟು. ಒಂದು ವರ್ಷ ಅಂದರೆ 141 ದಿನ. ಬೇಳೆ ಬೇಗ ಬೇಯುವ ಸಂತೋಷ ಇಲ್ಲಿಗೆ ಮುಗಿಯಿತು.

ಸೂರ್ಯನೂ ಸುಮ್ನೆ ಇರುವುದಿಲ್ಲ. ಅವನ ಭಾರ ಅವನನ್ನೇ ಜಾಸ್ತಿ ಅದುಮುತ್ತದೆ, ಒಡಲು ಇನ್ನೂ ಬಿಸಿಯಾಗುತ್ತದೆ. ಸೂರ್ಯನಂಥ ನಕ್ಷತ್ರದ ಬೆಳಕು ಸ್ಥೂಲವಾಗಿ ಗುರುತ್ವ ಸ್ಥಿರಾಂಕದ ಏಳನೇ ಘಾತದಷ್ಟು ಏರುತ್ತದೆ. ಎರಡರ ಏಳನೇ ಘಾತ 128. ಹೊಸ ಸ್ಥಿತಿಗೆ ಹೊಂದಿಕೊಂಡ ಸೂರ್ಯ 128 ಪಟ್ಟು ಉರಿದರೆ, 1000 ಕೋಟಿ ವರ್ಷಕ್ಕೆ ಸಾಕಾಗುವ ಇಂಧನ 8 ಕೋಟಿ ವರ್ಷಕ್ಕೇ ಮುಗಿಯುತ್ತದೆ. ಡೈನೋಸಾರ್‌ಗಳು ಅಳಿದೇ 6.6 ಕೋಟಿ ವರ್ಷ ಆಯಿತು.

ಇದೆಲ್ಲ ಬರೀ ಕಲ್ಪನೆ ಅಂದುಕೊಳ್ಳಬೇಡಿ. 1937ರಲ್ಲಿ ಭೌತವಿಜ್ಞಾನಿ ಪಾಲ್ ಡಿರಾಕ್, ಗುರುತ್ವ ಕಾಲಕಾಲಕ್ಕೆ ಕಡಿಮೆಯಾಗುತ್ತಾ ಬಂದಿರಬಹುದು ಅಂದರು. 1948ರಲ್ಲಿ ಇನ್ನೊಬ್ಬ ಭೌತವಿಜ್ಞಾನಿ ಎಡ್ವರ್ಡ್ ಟೆಲ್ಲರ್ ಈ ಏಳನೇ ಘಾತದ ದಾರಿಯಲ್ಲೇ ಹಿಂದಕ್ಕೆ ಹೋದರು. ಡಿರಾಕ್ ಹೇಳಿದಷ್ಟು ವೇಗವಾಗಿ ಬದಲಾಗಿದ್ದರೆ ಇಪ್ಪತ್ತು ಮೂವತ್ತು ಕೋಟಿ ವರ್ಷಗಳ ಹಿಂದೆ ಸಮುದ್ರದ ನೀರು ಕುದಿಯುವಷ್ಟು ಬಿಸಿ ಇರಬೇಕಿತ್ತು. ಆದರೆ ಆ ಕಾಲದ ಸಮುದ್ರ ಜೀವಿಗಳ ಪಳೆಯುಳಿಕೆ ನಮ್ಮ ಕೈಯಲ್ಲಿವೆ! ಹಾಗಾಗಿ ನಿಮ್ಮ ಕಥೆಯ ಕೊನೆಯಲ್ಲೂ ಕೇಳಿ: ಇದು ನಿಜವಾಗಿದ್ದರೆ ಕಲ್ಲಿನಲ್ಲಿ, ಆಕಾಶದಲ್ಲಿ ಏನು ಗುರುತು ಉಳಿಯಬೇಕಿತ್ತು?

ಅಂಕಿಯ ಬದಲು ನಿಯಮದ ರೂಪವನ್ನೇ ಬದಲಿಸಲೂಬಹುದು, ಅದು ಮುಂದಿನ ಹಂತ. ದೂರದ ವರ್ಗದ ಬದಲು ಘನಕ್ಕೆ ತಕ್ಕಂತೆ ಗುರುತ್ವ ಕುಗ್ಗಿದರೆ ಯಾವ ದುಂಡು ಕಕ್ಷೆಯೂ ನಿಲ್ಲುವುದಿಲ್ಲ. ಚೂರು ತಾಗಿದರೂ ಗ್ರಹ ಒಳಕ್ಕೆ ಸುತ್ತಿಕೊಂಡು ಬೀಳುತ್ತದೆ ಅಥವಾ ಹೊರಟೇ ಹೋಗುತ್ತದೆ. ಭೌತವಿಜ್ಞಾನಿ ಪಾಲ್ ಎಹ್ರೆನ್‌ಫೆಸ್ಟ್ 1917ರಲ್ಲೇ ಇದನ್ನು ತೋರಿಸಿದ್ದರು.

ಆದರೆ ಅದಕ್ಕೂ ಮೊದಲು ಎರಡು ಪಟ್ಟಿನ ಬದಲು ಅರ್ಧ ಮಾಡಿ ನೋಡಿ. ಭೂಮಿ ಇರುವ ಜಾಗದಿಂದ ಸೂರ್ಯನ ಹಿಡಿತ ಬಿಡಿಸಿಕೊಳ್ಳಲು ಈಗ ಸೆಕೆಂಡಿಗೆ 42 ಕಿಲೋಮೀಟರ್ ವೇಗ ಬೇಕು. ಗುರುತ್ವ ಅರ್ಧವಾದರೆ ಎಷ್ಟು? ಹೋದ ವರ್ಷ ಒಬ್ಬಳು ಹುಡುಗಿ ಬೋರ್ಡಿನ ಹತ್ತಿರ ಬಂದು ಲೆಕ್ಕ ಮಾಡಿದಳು. ಅಳಿಸಿ ಇನ್ನೊಮ್ಮೆ ಮಾಡಿದಳು. ಎರಡು ಸಲವೂ 30 ಬಂತು.

"ಮೇಡಂ," ಅಂದಳು, "ಭೂಮಿ ಓಡುತ್ತಿರುವುದೂ ಅಷ್ಟರಲ್ಲೇ."